ತಟ್ಟೆ ಇಲ್ಲದವರ ಪಂಕ್ತಿ

ಹೊಳೆಯ ದಂಡೆಯಲ್ಲಿ ಗುರುಪಾದಜ್ಜನ ಆಶ್ರಮ. ಅಲ್ಲಿ ಕಲಿಸುವ ವಿದ್ಯೆ ವೆಬ್‌ಸೈಟ್ ಕಟ್ಟುವುದು. ನಗಬೇಡಿ. ಬೇರೆ ಕಡೆ ವೇದ ಕಲಿಸುತ್ತಾರೆ, ವ್ಯಾಕರಣ ಕಲಿಸುತ್ತಾರೆ. ಈ ಅಜ್ಜನಿಗೆ ಬರುತ್ತಿದ್ದದ್ದು ಇದು, ಇದನ್ನೇ ಕಲಿಸುತ್ತಿದ್ದರು.

ಶಿಷ್ಯರಲ್ಲಿ ಪುಂಡಲೀಕ ಎಲ್ಲರಿಗಿಂತ ಜಾಣ. ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲೇ.

ಆ ವರ್ಷ ಆಶ್ರಮದಲ್ಲಿ ಕಣ್ಣಿನ ಶಿಬಿರ ಇಟ್ಟುಕೊಂಡಿದ್ದರು. ದೂರದಿಂದ ಡಾಕ್ಟರು ಬಂದು ಪೊರೆ ತೆಗೆಯುವವರಿದ್ದರು. ಮೊದಲೇ ಹೆಸರು ಕೊಟ್ಟವರಿಗೆ ಮಾತ್ರ ಮಸೂರ ತರುತ್ತೇವೆ ಎಂದು ಹೇಳಿಕಳಿಸಿದ್ದರು. ಜನ ಮನೆಯಲ್ಲೇ ಕೂತು ಹೆಸರು ಕೊಡುವಂತೆ ಒಂದು ವೆಬ್‌ಸೈಟ್ ಮಾಡು ಎಂದು ಅಜ್ಜ ಪುಂಡಲೀಕನಿಗೆ ಹೇಳಿದರು.

ಮಾಡಿದ. ಏನು ಮಾಡಿದ ಅಂತೀರಿ! ಪುಟ ತೆರೆದರೆ ಹೊಳೆ ಹರಿಯುತ್ತಿತ್ತು. ಬೆರಳು ತಾಗಿಸಿದರೆ ನೀರು ಅಲುಗುತ್ತಿತ್ತು. ಬರೆದ ಹೆಸರು ದೋಣಿ ಹತ್ತಿ ಆಚೆ ದಡ ಸೇರುತ್ತಿತ್ತು. ಇದೆಲ್ಲ ಅವನ ಲ್ಯಾಪ್‌ಟಾಪಿನಲ್ಲಿ, ಪುಟ ತೆರೆದು ತೋರಿಸುವ ಅವನ ಬ್ರೌಸರಿನಲ್ಲಿ.

ಬೇರೆ ಬ್ರೌಸರಿನಲ್ಲಿ ತೆರೆದರೆ ಒತ್ತಬೇಕಾದ ಗುಂಡಿ ಚಿತ್ರದ ಹಿಂದೆ ಹೋಗಿ ಅಡಗಿತು. ಮತ್ತೊಂದರಲ್ಲಿ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದವು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಟ್ಟಿತು.

ಪುಂಡಲೀಕನಿಗೆ ರೋಸಿಹೋಯಿತು. ಹಲ್ಲು ಕಡಿಯುತ್ತ ಒಂದು ಸಾಲು ಬರೆದ. ತನ್ನದಲ್ಲದ ಬ್ರೌಸರಿನಲ್ಲಿ ಯಾರು ಬಂದರೂ ಆ ಸಾಲೊಂದೇ ಕಾಣುವಂತೆ ಮಾಡಿದ.

"ನಿಮ್ಮದು ನಡೆಯುವುದಿಲ್ಲ. ಬೇರೆ ತೆಗೆದುಕೊಂಡು ಬನ್ನಿ."

ಅಜ್ಜ ಕೇಳಿದರು, "ಎಲ್ಲಾದರಾಗೂ ತಗದು ನೋಡಿಯೇನು?"

"ನೋಡೀನ್ರಿ ಅಜ್ಜಾರ."

"ಪೆಟ್ಟಿಗ್ಯಾಗಿನ ಫೋನಿನ್ಯಾಗ?"

ಅಜ್ಜನ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಜನ ಬೇಡವೆಂದು ಬಿಟ್ಟ ಫೋನುಗಳನ್ನು ಅಜ್ಜ ಅದರಲ್ಲಿ ಕೂಡಿಟ್ಟಿದ್ದರು. ಗಾಜು ಒಡೆದದ್ದು, ರಬ್ಬರ್ ಬ್ಯಾಂಡ್ ಸುತ್ತಿದ್ದು, ಎಲ್ಲವೂ ಇದ್ದವು. ಎಲ್ಲವನ್ನೂ ತಾವೇ ಚಾರ್ಜ್ ಮಾಡಿ ಇಡುತ್ತಿದ್ದರು.

"ಅವು ಗುಜರಿಗೆ ಹೋಗೂವಂಥವು ಅಜ್ಜಾರ," ಎಂದು ಪುಂಡಲೀಕ ನಕ್ಕ.

ಅಜ್ಜ ನಗಲಿಲ್ಲ.

ಹುಣ್ಣಿಮೆಯ ದಿನ ವೆಬ್‌ಸೈಟ್ ತೆರೆಯಿತು. ದಿನಗಳು ಹೋದವು, ಹೆಸರುಗಳು ಬರಲಿಲ್ಲ. ಬಂದ ನಾಲ್ಕಾರು ಹೆಸರು ಪೇಟೆಯವರದು. ಹೊಳೆಯ ಆಚೆ ದಡದಿಂದ ಒಬ್ಬರದೂ ಇಲ್ಲ. ಕಣ್ಣು ಕಾಣದವರು ಹೆಚ್ಚು ಇದ್ದದ್ದೇ ಅಲ್ಲಿ.

ಕೊನೆಯ ದಿನ ಬಂತು. ಹೊತ್ತು ಮುಳುಗುವುದರೊಳಗೆ ಹೆಸರುಗಳನ್ನು ಡಾಕ್ಟರಿಗೆ ಕಳಿಸಬೇಕು. ತಪ್ಪಿದವರಿಗೆ ಮಸೂರವಿಲ್ಲ.

"ಮನೀ ಬಾಗಲಕ್ಕ ಒಯ್ದು ಕೊಟ್ಟರೂ ತಗೊಳ್ಳಾಕ ಬರೂದಿಲ್ಲ ಈ ಮಂದಿಗೆ," ಎಂದು ಪುಂಡಲೀಕ ಕುದಿಯುತ್ತಿದ್ದ.

ಆಗ ದೋಣಿಯಿಂದ ಇಳಿದು ಬಂದಳು ತಿಪ್ಪವ್ವ. ಆಚೆ ದಡದವಳು. ಒಂದು ಕೈಯಲ್ಲಿ ಗಂಡನ ಕೈ, ಇನ್ನೊಂದು ಕೈಯಲ್ಲಿ ಫೋನು. ಗಂಡ ಯಂಕಪ್ಪ ಹೆಜ್ಜೆ ಹೆಜ್ಜೆಗೂ ಕಾಲಿನಿಂದ ನೆಲ ತಡವುತ್ತಿದ್ದ.

"ತಮ್ಮಾ, ಬೇರೆ ತಗೊಂಡು ಬಾ ಅಂತೈತಿ ಇದು. ನಮ್ಮ ಓಣ್ಯಾಗ ಎಲ್ಲಾರ ಫೋನೂ ಹಂಗ ಅಂತಾವ. ಬೇರೆ ಎಲ್ಲಿಂದ ತರೂಣು?"

"ನಿನ್ನ ಫೋನ್ ಹಳೇದಾಗೇತಿ ಯವ್ವಾ."

"ನನ್ನ ಗಂಡನೂ ಹಳೇವನ ಅದಾನ. ಬಿಟ್ಟೇನೇನು?"

ಯಂಕಪ್ಪ ಕಂಬದ ಕಡೆ ಮುಖ ಮಾಡಿ ನಕ್ಕ. ಹೆಂಡತಿ ಅಲ್ಲಿದ್ದಾಳೆ ಎಂದುಕೊಂಡಿದ್ದ.

ಪುಂಡಲೀಕ ಮುಖ ಸಿಂಡರಿಸಿದ. "ಕುಂದ್ರು. ಹೆಸರ ನಾನ ಹಾಕ್ತೀನಿ."

ಹಿಂದಿನಿಂದ ಅಜ್ಜನ ದನಿ ಬಂತು. "ಇಲ್ಲಿಗೆ ಬಂದವರದು ನೀ ಹಾಕ್ತಿ. ಅಲ್ಲೇ ಉಳದವರದು?"

ಪುಂಡಲೀಕ ಸಿಡಿದ. "ನಂದೇನು ತಪ್ಪರಿ ಅಜ್ಜಾರ? ಬ್ರೌಸರ್ ಮಾಡಿದವರು ಒಬ್ಬೊಬ್ಬರು ಒಂದೊಂದು ನಮೂನಿ ಮಾಡ್ಯಾರ. ಬೈಯೂದಿದ್ರ ಅವರನ್ನ ಬೈರಿ. ನಾ ಮಾಡಿದ್ದು ಸರಿ ಐತಿ!"

ಅಜ್ಜನ ಮುಖ ಕೆಂಪಾಯಿತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

"ಇವತ್ತ ಬಡಸೂ ಪಾಳಿ ಯಾರದು?"

"ನಂದ್ರಿ."

"ನಿನ್ನ ತಟ್ಟಿ ಎಂಥಾದ್ದು?"

"ಖಾನೆ ಇರೂ ಸ್ಟೀಲ್ ತಟ್ಟಿ. ಯಾಕ್ರಿ?"

"ಅಂಥಾ ತಟ್ಟಿ ತಂದವರಿಗೆ ಅಷ್ಟ ಬಡಸು. ಉಳದವರಿಗೆ ನೀ ಬರದ ಸಾಲು ಹೇಳು. ಬರದಾಂವ ನೀನ, ಬಾಯಿಪಾಠ ಇರಬೇಕು."

ಆ ಆಶ್ರಮದಲ್ಲಿ ಊಟಕ್ಕೆ ಬರುವವರು ತಮ್ಮ ತಮ್ಮ ತಟ್ಟೆ ತಾವೇ ತರುವುದು ರೂಢಿ. ಯಾರ ಬಳಿ ಏನಿದೆಯೋ ಅದು. ತಾಟು, ಬೋಗುಣಿ, ಡಬ್ಬಿಯ ಮುಚ್ಚಳ, ಎಲೆ.

ಆಗಲಿ, ಇದೂ ಒಂದು ಆಗಿಹೋಗಲಿ ಎಂದು ಪುಂಡಲೀಕ ಬಿರಬಿರನೆ ಹೋಗಿ ಸೌಟು ಹಿಡಿದ.

ಮೊದಲು ಬಂದವನ ಕೈಯಲ್ಲಿ ಖಾನೆ ಇದ್ದ ತಟ್ಟೆ ಇತ್ತು. ರೊಟ್ಟಿ, ಪಲ್ಯ, ಸಾರು, ಅನ್ನ ಎಲ್ಲ ಅಚ್ಚುಕಟ್ಟಾಗಿ ಕೂತವು. ಪುಂಡಲೀಕನಿಗೆ ನೋಡಿ ಖುಷಿಯೇ ಆಯಿತು.

ಅವನ ಹಿಂದೆ ಬಂದ ಹೆಂಗಸು ನೆಗ್ಗಿದ ಅಲ್ಯೂಮಿನಿಯಂ ಬೋಗುಣಿ ಮುಂದೆ ಹಿಡಿದಳು.

"ನಿಮ್ಮದು ನಡೆಯೂದಿಲ್ಲ. ಬೇರೆ ತಗೊಂಡು ಬರ್ರಿ."

ಅವಳು ಪಾತ್ರೆಯನ್ನು ನೋಡಿದಳು, ಅವನನ್ನು ನೋಡಿದಳು.

"ಅನ್ನ ಐತಿಲ್ಲೋ ಒಳಗ?"

"ಐತಿ."

"ಮತ್ತ?"

ಪುಂಡಲೀಕ ಅದೇ ಸಾಲನ್ನು ಇನ್ನೊಮ್ಮೆ ಹೇಳಿದ. ಅವಳು ಗೊಣಗುತ್ತ ಹೊರಗೆ ಹೋಗಿ ನಿಂತಳು. ಮುಚ್ಚಳ ತಂದವನಿಗೂ ಹೇಳಿದ, ಎಲೆ ತಂದವರಿಗೂ ಹೇಳಿದ. ಒಂದೊಂದು ಸಲ ಹೇಳಿದಾಗಲೂ ದನಿ ಕುಗ್ಗುತ್ತ ಬಂತು. ಸಿಟ್ಟು ಮಾತ್ರ ಏರುತ್ತಲೇ ಇತ್ತು.

ಆಮೇಲೆ ಯಂಕಪ್ಪ ಬಂದ. ದೋಣಿ ಹತ್ತುವ ಅವಸರದಲ್ಲಿ ತಟ್ಟೆ ತಂದಿರಲಿಲ್ಲ. ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಮುಂದೆ ಚಾಚಿದ.

"ನಿಮ್ಮದು..." ಎಂದು ಪುಂಡಲೀಕ ಶುರುಮಾಡಿದ.

ಯಂಕಪ್ಪನಿಗೆ ಇವನ ಮುಖ ಕಾಣುತ್ತಿರಲಿಲ್ಲ. ಈಗ ಬೀಳುತ್ತದೆ ಎಂದು ಕೈ ಚಾಚಿಕೊಂಡೇ ನಿಂತಿದ್ದ.

ಪುಂಡಲೀಕ ಸೌಟನ್ನು ನೆಲಕ್ಕೆ ಬಡಿದ. ಒಂದು ರೊಟ್ಟಿ ತೆಗೆದು ಆ ಕೈ ಮೇಲೆ ಇಟ್ಟ. ರೊಟ್ಟಿಯ ಮೇಲೆ ಪಲ್ಯ ಹಾಕಿದ. ಯಂಕಪ್ಪ ಅಲ್ಲೇ ನಿಂತು ತಿನ್ನತೊಡಗಿದ.

ಅಜ್ಜ ಬಾಗಿಲಲ್ಲಿ ನಿಂತಿದ್ದರು. "ಯಾರ ಹೇಳಿದರೋ ನಿನಗ, ಅವಗ ಬಡಸು ಅಂತ?"

"ಕೈ ಮುಂದ ಮಾಡಿ ನಿಂತಾರಲ್ರಿ!"

"ಫೋನ್ ಮುಂದ ಮಾಡಿ ನಿಂತಾಗ ಏನ್ ಬಡಸಿದಿ?"

ಪುಂಡಲೀಕನ ಮೈ ಉರಿಯಿತು. ಗುರು ಎಂಬುದನ್ನೂ ಮರೆತು ಕೂಗಿದ. "ಹಸದ ಮಂದೀನ ಹೊರಗ ನಿಲ್ಲಿಸಿ ನನಗ ಪಾಠ ಹೇಳ್ತೀರಲ್ರಿ, ಇದು ಯಾವ ನ್ಯಾಯ?"

"ಅನ್ಯಾಯನ. ನಾ ಒಂದು ಗಳಿಗಿ ಮಾಡೀನಿ," ಎಂದು ಅಜ್ಜ ಅವನಿಗಿಂತ ಜೋರಾಗಿ ಕೂಗಿದರು. "ನೀ ಹುಣ್ಣಿವಿಯಿಂದ ಮಾಡಾಕತ್ತೀ. ನಿನಗ ಯಾರ ಮುಖಾನೂ ಕಾಣಸ್ಲಿಲ್ಲ, ಅಷ್ಟ!"

ಪುಂಡಲೀಕ ಹೊರಗೆ ಹೋದ. ನಿಂತವರನ್ನೆಲ್ಲ ಒಳಗೆ ಕರೆದ. ಬೋಗುಣಿಯ ಹೆಂಗಸು ಬರುವುದಿಲ್ಲ ಎಂದು ಹಟ ಹಿಡಿದಳು. ಅವಳ ಕಾಲು ಮುಟ್ಟಿದ ಮೇಲೆ ಬಂದಳು.

ಎಲ್ಲರ ಕೈಗೂ ಮೊದಲು ರೊಟ್ಟಿ ಪಲ್ಯ ಕೊಟ್ಟ. ಬೋಗುಣಿ ಇದ್ದವರಿಗೆ ಸಾರು ಸುರಿದ. ಖಾನೆಯ ತಟ್ಟೆಯವನಿಗೆ ಉಪ್ಪಿನಕಾಯಿಗೂ ಜಾಗವಿತ್ತು, ಹಾಕಿದ. ಉಪವಾಸ ಎದ್ದವರು ಯಾರೂ ಇಲ್ಲ.

ರೊಟ್ಟಿಯ ಬುಟ್ಟಿ ಖಾಲಿಯಾದಾಗ ಅವನಿಗೆ ಹೊಳೆಯಿತು, ಪಾತ್ರೆ ಯಾವುದಿದ್ದರೂ ರೊಟ್ಟಿ ಎಲ್ಲರಿಗೂ ಮುಟ್ಟಿತ್ತು. ಆಮೇಲೆ ತಾನು ಉಣ್ಣದೆಯೇ ಅಜ್ಜನ ಕೋಣೆಗೆ ಓಡಿ ಪೆಟ್ಟಿಗೆ ಹೊತ್ತು ತಂದ.

ಇಡೀ ಪುಟ ಅಳಿಸಿದ. ಅಳಿಸುವ ಮೊದಲು ಒಮ್ಮೆ ಹೊಳೆಯ ನೀರಿಗೆ ಬೆರಳು ತಾಗಿಸಿ ನೋಡಿದ, ಸುಳ್ಳು ಯಾಕೆ ಹೇಳಬೇಕು? ಮೊದಲಿನಿಂದ ಬರೆದ. ಹೆಸರು, ಊರು, ಯಾವ ಕಣ್ಣು, ಕೆಳಗೆ ಒಂದು ಗುಂಡಿ. ಹೊಳೆ ಇಲ್ಲ, ದೋಣಿ ಇಲ್ಲ.

ಪೆಟ್ಟಿಗೆಯ ಫೋನುಗಳನ್ನು ಒಂದೊಂದಾಗಿ ತೆಗೆದು ನೋಡಿದ. ಒಂದರಲ್ಲಿ ಗುಂಡಿ ಅಂಚಿಗೆ ಹೋಗಿ ಕೂತಿತ್ತು, ಒಳಗೆ ತಂದ. ಇನ್ನೊಂದರಲ್ಲಿ ಅಕ್ಷರ ಕಳಚಿತು, ತನ್ನ ಚೆಂದದ ಅಕ್ಷರ ಬಿಟ್ಟು ಆ ಫೋನಿನಲ್ಲೇ ಇದ್ದ ಅಕ್ಷರ ಹಾಕಿದ. ಒಂದು ಕಡೆ ಕೆಟ್ಟದ್ದಕ್ಕೆ ಬೈಯುತ್ತಲೇ ಇದ್ದ, ಸರಿ ಮಾಡುತ್ತಲೂ ಇದ್ದ.

ತಿಪ್ಪವ್ವನ ಫೋನಿನಲ್ಲಿ ಪುಟ ತೆರೆಯಿತು. ಅವಳೇ ಗಂಡನ ಹೆಸರು ಬರೆದು ಗುಂಡಿ ಒತ್ತಿದಳು. "ತಗೊಂತು!" ಎಂದು ಚೀರಿದಳು. ಮರುಗಳಿಗೆಯೇ ಓಣಿಯವರಿಗೆಲ್ಲ ಫೋನು ಹಚ್ಚಿ ಕೂತಳು.

ಆಚೆ ದಡದಿಂದ ಒಂದು ಹೆಸರು ಬಂತು. ಇನ್ನೊಂದು ಬಂತು. ಆಮೇಲೆ ಒಂದರ ಮೇಲೊಂದು ಬರತೊಡಗಿದವು.

ಪುಂಡಲೀಕ ಅಜ್ಜನ ಹತ್ತಿರ ಹೋದ. "ಹೆಸರ ಬರಾಕತ್ತಾವ್ರಿ. ಆದ್ರ ನನ್ನ ಹೊಳಿ ಹೋತು."

"ರೊಟ್ಟಿ ಎಲ್ಲಾರಿಗೂ ಮುಟ್ಟಿತಿಲ್ಲೋ? ಇನ್ನ ತಟ್ಟಿ ಇದ್ದವರಿಗೆ ನಿನ್ನ ಹೊಳೀನ ಉಪ್ಪಿನಕಾಯಿ ಮಾಡಿ ಹಾಕು. ಯಾರ ಬ್ಯಾಡಂತಾರ?"

ಹೊತ್ತು ಮುಳುಗುವ ಮೊದಲು ಹೆಸರುಗಳೆಲ್ಲ ಡಾಕ್ಟರಿಗೆ ಹೋದವು. ಯಂಕಪ್ಪ ಹೆಂಡತಿಯ ಕೈ ಹಿಡಿದು ದೋಣಿ ಹತ್ತಿದ.

ಪೆಟ್ಟಿಗೆಯ ತಳದಲ್ಲಿ ಒಂದು ಫೋನು ಉಳಿದಿತ್ತು. ತೀರ ಹಳೆಯದು. ಪುಂಡಲೀಕ ಏನು ಮಾಡಿದರೂ ಅದರಲ್ಲಿ ಗುಂಡಿ ಮೂಡಲಿಲ್ಲ. ಒಂದು ಸಾಲು ಬರಹವಷ್ಟೇ ಮೂಡುತ್ತಿತ್ತು.

ಅದನ್ನು ಅಜ್ಜನ ಮುಂದೆ ಇಟ್ಟ. "ಇದರಾಗ ನನ್ನ ಕೈಲೆ ಆಗವಲ್ದು ಅಜ್ಜಾರ. ಮುಂದಿನ ಶಿಬಿರಕ್ಕ ಇಂಥಾ ಫೋನಿನವರಿಗೆ ಏನಂತ ಬರೀಲಿ?"

ಅಜ್ಜನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ತಪ್ಪು ನಂದು ಅಂತ ಬರಿ. ಅದರ ಕೆಳಗ ನಿನ್ನ ಫೋನ್ ನಂಬರ್ ಹಾಕು."