ಡೇರೆ ಹೊಡೆದ ಮಾಳಿಂಗ

ಕುರಿ ಮುಂದೆ, ಡೇರೆ ಹಿಂದೆ ಅಂತ ಹೊಲದಿಂದ ಹೊಲಕ್ಕೆ ತಿರುಗೋ ಕೆಂಚವ್ವಗೆ ಒಬ್ಬನೇ ಮಗ, ಮಾಳಿಂಗ. ಮೈಯಲ್ಲಿ ಎತ್ತಿನ ಶಕ್ತಿ, ಮನಸ್ಸು ಬೆಣ್ಣೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ಅದೇ ಅವ್ವನ ಚಿಂತೆ. ನಾ ಸತ್ತರೆ ಇವನನ್ನು ಯಾರು ನೋಡುತ್ತಾರೆ ಅಂತ.

ಒಂದಿನ ಹೊಸ ಹೊಲದಲ್ಲಿ ಇಳಿದರು. ಅವ್ವ ಕೊಡ ಎತ್ತಿಕೊಂಡಳು.

"ಮಾಳಿಂಗಾ, ನಾ ನೀರು ತರೂದರಾಗ ಡೇರೆ ಹೊಡಿ."

ಮಾಳಿಂಗ ಡೇರೆಯ ಬಟ್ಟೆ ಹಾಸಿದ. ಬಡಿಗೆ ತಗೊಂಡ. ಹೊಡೆದ. ಬೆವರು ಇಳಿಯೋ ತನಕ ಹೊಡೆದ. ಅವ್ವ ಬಂದು ನೋಡಿದರೆ ಬಟ್ಟೆ ತೂತು ತೂತು.

"ಏನು ಮಾಡಿದ್ಯೋ ಮಗನ?"

"ನೀನ ಹೊಡಿ ಅಂದಿ. ಪಾಪ, ಅದೇನು ತಪ್ಪು ಮಾಡಿತ್ತವ್ವಾ?"

"ಡೇರೆ ಹೊಡಿ ಅಂದ್ರ ಬಡಿಯೂದಲ್ಲಪ್ಪ. ಗಾಳಿಗೆ ಹಾರೂ ಬಟ್ಟಿನ ಜಗ್ಗಿ ಹಿಡದು, ಮೂಲಿ ಮೂಲಿಗೆ ಗೂಟ ಜಡೀಬೇಕು."

"ಹೂಂ ಅವ್ವಾ."

ಮರುದಿನ ಹೊಲದ ಗೌಡರು ಬಂದು ಬೇವಿನ ನೆರಳಲ್ಲಿ ಅಡ್ಡಾದರು. ಗೊರಕೆ ಹೊಡೆದರು. ಅವರ ಧೋತರದ ಚುಂಗು ಗಾಳಿಗೆ ಹಾರುತ್ತಿತ್ತು. ಮಾಳಿಂಗ ನೋಡಿದ. ಜಗ್ಗಿ ಹಿಡಿದ. ಮೂಲೆ ಮೂಲೆಗೆ ಗೂಟ ಜಡಿದ.

ಗೌಡರು ಎದ್ದರು. ಧೋತರ ಏಳಲಿಲ್ಲ.

"ನಿಮ್ಮ ಕುರಿ ಬ್ಯಾಡ, ನೀವೂ ಬ್ಯಾಡ. ನಡೀರಿ ಇಲ್ಲಿಂದ," ಅಂದರು.

ಹಳ್ಳದ ದಂಡೆಗೆ ಹೋಗಿ ಇಳಿದರು. ಅವ್ವ ಅಂದಳು, "ಡೇರೆ ಹೊಡ್ಯೂದು ಇನ್ನ ನನಗ ಇರ್ಲಿ. ನೀ ಡೇರೆ ಕೀಳೂದಷ್ಟ ಮಾಡು. ಒಳಗಿದ್ದದ್ದು ಒಂದೂ ಬಿಡದಂಗ ಸುತ್ತಿ, ಬಿಗಿದು, ಕುದುರಿ ಮ್ಯಾಲ ಹೇರು. ತಿಳೀತಿಲ್ಲೋ?"

"ತಿಳೀತವ್ವಾ."

ಅವತ್ತೇ ಅವ್ವನ ಅಣ್ಣ ಭರಮಪ್ಪ ಬಂದ. ಮಗಳು ನಾಗವ್ವನನ್ನು ಮಾಳಿಂಗನಿಗೆ ಕೊಡೋದೋ ಬಿಡೋದೋ, ಹುಡುಗನನ್ನು ನೋಡಿ ಹೇಳೋಣ ಅಂತ ಬಂದಿದ್ದ. ಉಂಡ, ಡೇರೆಯೊಳಗೆ ಮಲಗಿದ. ಅಷ್ಟರಲ್ಲಿ ಮೋಡ ಕವಿಯಿತು. ಅವ್ವ ಕುರಿಗಳ ನಡುವಿಂದ ಕೂಗಿದಳು.

"ಹಳ್ಳ ಬಂದೀತು, ದಿಬ್ಬಕ್ಕ ಹೋಗೂಣು. ನಾ ಕುರಿ ಹೊಡಕೊಂಡು ಮುಂದ ಹೋಗತೇನಿ. ಡೇರೆ ಕಿತ್ತುಕೊಂಡು ಬಾ."

ಮಾಳಿಂಗ ಗೂಟ ಕಿತ್ತ. ಒಳಗೆ ಗಡಿಗೆ ಇತ್ತು, ಕಂಬಳಿ ಇತ್ತು, ಮಾವ ಇದ್ದ. ಗಡಿಗೆ ಇಟ್ಟ, ಕಂಬಳಿ ಇಟ್ಟ, ಮಾವನನ್ನೂ ಇಟ್ಟು ಸುತ್ತತೊಡಗಿದ.

"ಲೇ, ಬಿಡೋ. ನಾ ನಿನ್ನ ಮಾವ."

"ಗೊತ್ತೈತಿ ಮಾವ. ಒಂದೂ ಬಿಡಬ್ಯಾಡ ಅಂದಾಳ ಅವ್ವ."

ಬಿಗಿದ. ಕುದುರೆ ಮೇಲೆ ಹೇರಿದ. ದಾರಿಯಲ್ಲಿ ಮಳೆ ಹೊಯ್ಯಿತು. ಮಾಳಿಂಗ ತೊಯ್ದ, ಕುದುರೆ ತೊಯ್ದಿತು. ತನ್ನ ಮೈಮೇಲಿನ ಕಂಬಳಿ ತೆಗೆದು ಗಂಟಿನ ಮೇಲೆ ಹೊದಿಸಿದ.

ದಿಬ್ಬದ ಮೇಲೆ ಅವ್ವ ಗಂಟು ಬಿಚ್ಚಿದಳು. ಅಣ್ಣನನ್ನು ನೋಡಿ ಹಣೆ ಹಣೆ ಬಡಕೊಂಡಳು. ಮದುವೆ ಮುರೀತು ಅಂತ ಕಣ್ಣಲ್ಲಿ ನೀರು ತಂದಳು. ಭರಮಪ್ಪ ಎದ್ದು ಕೂತ. ತಲೆ ಮುಟ್ಟಿ ನೋಡಿಕೊಂಡ. ಒಂದು ಹನಿಯೂ ಬಿದ್ದಿರಲಿಲ್ಲ. ಗಡಗಡ ನಡುಗೋ ಅಳಿಯನನ್ನು ನೋಡಿ ನಕ್ಕುಬಿಟ್ಟ.

"ಅಳಬ್ಯಾಡ ತಂಗಿ. ತಾ ತೊಯ್ದರೂ ಇವನು ತನ್ನ ಮಂದೀನ ತೊಯ್ಯಾಕ ಬಿಡೂದಿಲ್ಲ. ನಾಗವ್ವನ್ನ ಕೊಟ್ಟೆ, ಹೋಗು."

ಮದುವೆಯಾಯಿತು. ಭರಮಪ್ಪ ಮಗಳ ಬಲಗೈ ತಂದು ಅಳಿಯನ ಬಲಗೈಯಲ್ಲಿಟ್ಟ.

"ಮಾಳಿಂಗಾ, ಇನ್ನ ಈ ಕೈ ಬಿಡಬ್ಯಾಡಪ್ಪ."

"ಬಿಡೂದಿಲ್ಲ ಮಾವ."

ಬಿಡಲಿಲ್ಲ. ಅಕ್ಕಿಕಾಳು ಬಿದ್ದವು, ಬಿಡಲಿಲ್ಲ. ಎಲೆ ಹಾಕಿ ಹೋಳಿಗೆ ಬಡಿಸಿದರು, ಆಗಲೂ ಬಿಡಲಿಲ್ಲ. ನಾಗವ್ವ ಕೈ ಜಗ್ಗಿ ನೋಡಿದಳು, ಆಮೇಲೆ ನಗುತ್ತ ಸುಮ್ಮನಾದಳು. ಕೊನೆಗೆ ಕೆಂಚವ್ವನೇ ಇಬ್ಬರ ನಡುವೆ ಕೂತು, ಹೋಳಿಗೆ ಮುರಿದು, ಒಂದು ತುತ್ತು ಮಗನಿಗೆ, ಒಂದು ತುತ್ತು ಸೊಸೆಗೆ ಅಂತ ಉಣಿಸಬೇಕಾಯಿತು.