ಅಕ್ಷರದ ಮುಂದೆ ನಿಂತ ದೀಪ

ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ದಾಕ್ಷಾಯಿಣಮ್ಮ ಎಂಬುವರು ಗ್ರಂಥಿಗೆ ಅಂಗಡಿ ಇಟ್ಟುಕೊಂಡಿದ್ದರು. ಅರಿಶಿನ, ಕುಂಕುಮ, ವಿಭೂತಿ ಗಟ್ಟಿ, ಕರ್ಪೂರ, ಊದುಬತ್ತಿ, ಹೀಗೆ ಪೂಜೆಗೆ ಬೇಕಾದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಮೂವತ್ತನೆಯ ವಯಸ್ಸಿನಲ್ಲಿ ಬಂದ ವಿಷಮಜ್ವರ ಅವರ ಎರಡು ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಮಾತು ಉಳಿದಿತ್ತು, ಕೊಂಚ ಜೋರು ಅಷ್ಟೆ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಸ್ಲೇಟು, ಒಂದು ಬಳಪ. ಬಂದವರು ಬೇಕಾದ್ದನ್ನು ಬರೆಯುವರು. ಬರೆಯಲು ಬಾರದವರು ಬೆರಳು ಮಾಡಿ ತೋರಿಸುವರು. ವ್ಯಾಪಾರ ನಿಂತದ್ದಿಲ್ಲ.

ಬೆಳಗ್ಗೆ ಬಾಗಿಲು ತೆಗೆಯುವ ಮೊದಲು ಅವರು ಗೋಪುರದ ಕಡೆ ತಿರುಗಿ ಕೈ ಮುಗಿಯುತ್ತಿದ್ದರು. "ನಂಜುಂಡಪ್ಪ, ಕಿವಿ ವಾಪಸು ಕೊಡು ಅಂತ ನಿನ್ನ ಪೀಡಿಸೋದಿಲ್ಲ. ಗಟ್ಟಿ ಮನಸ್ಸು ಕೊಟ್ಟಿರು, ಸಾಕು." ದೇವರು ಅದನ್ನು ಕೊಟ್ಟಿದ್ದ. ಧಾರಾಳವಾಗಿಯೇ ಕೊಟ್ಟಿದ್ದ.

ಮೈಸೂರಿನ ನಾಗಭೂಷಣ ಶೆಟ್ಟರ ಕಾರ್ಖಾನೆಯ ಊದುಬತ್ತಿಗೆ ಆ ಊರಿನಲ್ಲಿ ದಾಕ್ಷಾಯಿಣಮ್ಮನವರೇ ಏಜೆಂಟರು. ಹದಿನೆಂಟು ವರ್ಷದ ಏಜೆನ್ಸಿ. ಜನ ಅವರ ಅಂಗಡಿ ಹುಡುಕಿಕೊಂಡು ಬರುತ್ತಿದ್ದುದೇ ಆ ಬತ್ತಿಯ ಪರಿಮಳಕ್ಕೆ.

ಮೊದಲು ಅಕ್ಷಯ ತದಿಗೆಯ ದಿನ ಶೆಟ್ಟರು ಏಜೆಂಟರನ್ನೆಲ್ಲ ಮೈಸೂರಿನ ಒಂದು ಛತ್ರಕ್ಕೆ ಕರೆದು ಸಭೆ ನಡೆಸುತ್ತಿದ್ದರು. ಹೊಸ ಬತ್ತಿಗಳನ್ನು ದೇವರ ಮುಂದೆ ಹಚ್ಚಿ, ಒಂದೊಂದಕ್ಕೂ ಹೆಸರಿಡುತ್ತಿದ್ದರು. ದಾಕ್ಷಾಯಿಣಮ್ಮ ಮುಂದಿನ ಸಾಲಿನಲ್ಲಿ ಕೂತು, ಪಕ್ಕದವರ ಕೈಗೆ ಸ್ಲೇಟು ಕೊಟ್ಟು, ಎಲ್ಲ ತಿಳಿದುಕೊಳ್ಳುತ್ತಿದ್ದರು. ಆಮೇಲೆ ಏಜೆಂಟರು ಮುನ್ನೂರು ಜನ ಆದರು, ಛತ್ರ ಸಾಲದಾಯಿತು. ಸಭೆ ಮೊಬೈಲಿಗೆ ಬಂತು. ಶೆಟ್ಟರು ಕಾರ್ಖಾನೆಯಲ್ಲಿ ಕ್ಯಾಮೆರಾ ಮುಂದೆ ನಿಲ್ಲುವರು. ಮುನ್ನೂರು ಅಂಗಡಿಗಳಲ್ಲಿ ಏಜೆಂಟರು ಲೈವ್ ನೋಡುವರು.

ಮೊಬೈಲಿನಲ್ಲಿ ಪರಿಮಳ ಹೋಗದಲ್ಲ? ಅದಕ್ಕೆ ಶೆಟ್ಟರು ಒಂದು ಉಪಾಯ ಮಾಡಿದ್ದರು. ವಾರ ಮುಂಚೆಯೇ ಪ್ರತಿಯೊಬ್ಬ ಏಜೆಂಟರಿಗೂ ಏಳು ಸಣ್ಣ ಪೊಟ್ಟಣ ಕಳಿಸುವರು. ಪೊಟ್ಟಣದ ಮೇಲೆ ಒಂದು, ಎರಡು, ಮೂರು ಎಂದು ಬರೀ ಅಂಕಿ. ಸಭೆಯಲ್ಲಿ ಶೆಟ್ಟರು "ಈಗ ಒಂದನೆಯದು ಹಚ್ಚಿ" ಅಂದ ಕೂಡಲೇ ಮುನ್ನೂರು ಅಂಗಡಿಗಳಲ್ಲಿ ಒಂದೇ ಪರಿಮಳ ಏಳುವುದು. ಆಮೇಲೆ ಅವರು ಅದರ ಹೆಸರು ಹೇಳುವರು. ಆ ಹೆಸರು ಬರೆದು, ಸಭೆ ಮುಗಿಯುವುದರೊಳಗೆ ತಮಗೆ ಎಷ್ಟು ಮಾಲು ಬೇಕೆಂದು ಕಳಿಸಬೇಕು. ಎರಡು ವರ್ಷ ಕಳಿಸದವರ ಏಜೆನ್ಸಿ ಬೇರೆಯವರಿಗೆ. ಇದು ಕಾರ್ಖಾನೆಯ ಕಟ್ಟಳೆ.

ಮೊದಲ ಲೈವಿನಲ್ಲಿ ದಾಕ್ಷಾಯಿಣಮ್ಮನವರಿಗೆ ಕಂಡದ್ದು ಶೆಟ್ಟರ ಮೀಸೆ ಮತ್ತು ಅದರ ಮುಂದೆ ಒಂದು ಮೈಕು. ತುಟಿ ನೋಡಿ ಅರ್ಥ ಮಾಡಿಕೊಳ್ಳೋಣವೆಂದರೆ ತುಟಿಯೇ ಕಾಣದು. ಶೆಟ್ಟರು ಒಂದನೆಯದನ್ನು ಹೊಗಳುವಾಗ ಇವರು ಮೂರನೆಯದನ್ನು ಹಚ್ಚಿಕೊಂಡು ಕೂತಿದ್ದರು. ಒಂದು ಹೆಸರೂ ತಿಳಿಯಲಿಲ್ಲ, ಏನನ್ನೂ ಕಳಿಸಲಾಗಲಿಲ್ಲ. ಒಂದು ವರ್ಷ ತಪ್ಪಿತು. ಇನ್ನೊಂದು ತಪ್ಪಿದರೆ ಹದಿನೆಂಟು ವರ್ಷದ ಏಜೆನ್ಸಿ ಕೈಬಿಟ್ಟುಹೋಗುತ್ತದೆ.

ಈ ವರ್ಷದ ಏಳು ಪೊಟ್ಟಣಗಳು ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಹೂವು ಮಾರುವ ಚಿಕ್ಕತಾಯಮ್ಮ ಒಂದು ದಿನ ಮೊಗ್ಗು ಕಟ್ಟುತ್ತಾ ತಲೆಯೆತ್ತಿದಳು. ವರ್ಷಗಟ್ಟಲೆ ಎದುರುಬದುರು ಕೂತು ಅವಳೊಬ್ಬಳ ತುಟಿ ಮಾತ್ರ ದಾಕ್ಷಾಯಿಣಮ್ಮನಿಗೆ ಪುಸ್ತಕದ ಹಾಗೆ ಓದಲು ಬರುತ್ತಿತ್ತು.

"ಯಾಕಕ್ಕ ಯೋಚನೆ? ಈ ಸಲ ನಾನು ಪಕ್ಕದಲ್ಲಿ ಕೂತ್ಕೊಂಡು ಕೇಳಿಸ್ಕೋತೀನಿ, ಸ್ಲೇಟಲ್ಲಿ ಬರೆದು ಕೊಡ್ತೀನಿ."

"ಅಕ್ಷಯ ತದಿಗೆ ದಿನ ನಿನಗೆ ಮದುವೆಮನೆ ಹಾರದ ಆರ್ಡರು ಇರೋದಿಲ್ವೇನೇ?"

ಚಿಕ್ಕತಾಯಮ್ಮ ನಾಲಗೆ ಕಚ್ಚಿಕೊಂಡಳು. "ಇರ್ತದೆ. ಬೆಳಗ್ಗೆಯಿಂದ ಕೈ ಬಿಡುವಿರಲ್ಲ."

"ಮತ್ತೆ? ಸರಿ, ನನಗೆ ನೀನಿದ್ದೀಯ ಅಂತಲೇ ಇಟ್ಕೊ. ನನ್ನ ಹಾಗೆ ಕಿವಿ ಹೋದವರು ಆ ಮುನ್ನೂರು ಜನದಲ್ಲಿ ಇನ್ನೂ ಯಾರಾದರೂ ಇದ್ದರೆ? ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬೊಬ್ಬ ಹೂವಿನವಳನ್ನು ದೇವರು ಎಲ್ಲಿಂದ ತಂದು ಕೂರಿಸ್ತಾನೆ? ಸಭೆ ಕರೆದವರನ್ನೇ ಕೇಳ್ತೀನಿ."

ಮರುದಿನ ಅಂಗಡಿಯನ್ನು ಚಿಕ್ಕತಾಯಮ್ಮನಿಗೆ ಒಪ್ಪಿಸಿ, ಸ್ಲೇಟನ್ನು ಚೀಲಕ್ಕೆ ಹಾಕಿಕೊಂಡು, ದಾಕ್ಷಾಯಿಣಮ್ಮ ಮೈಸೂರಿನ ಬಸ್ಸು ಹತ್ತಿದರು.

ಕಾರ್ಖಾನೆಯಲ್ಲಿ ಹೆಂಗಸರು ಸಾಲಾಗಿ ಕೂತು ಆ ಏಳು ಪೊಟ್ಟಣಗಳನ್ನೇ ಕಟ್ಟುತ್ತಿದ್ದರು. ಶೆಟ್ಟರು ದೈವಭಕ್ತರು, ಒಳ್ಳೆಯ ಮನುಷ್ಯ. ಎದ್ದು ನಿಂತು ಕುರ್ಚಿ ತೋರಿಸಿದರು. ದಾಕ್ಷಾಯಿಣಮ್ಮ ಸ್ಲೇಟನ್ನು ಅವರ ಮುಂದಿಟ್ಟು, "ನೀವು ಸಭೆಯಲ್ಲಿ ಆಡೋ ಮಾತು ಆಗಿಂದಾಗ್ಗೆ ಅಕ್ಷರವಾಗಿ ಕಾಣಬೇಕು ಶೆಟ್ಟರೆ. ಅಷ್ಟು ಕೇಳೋಕೆ ಬಂದೆ" ಅಂದರು.

ಶೆಟ್ಟರು ಬಳಪ ಹಿಡಿದು ಬರೆದರು. "ಅಮ್ಮ, ನಿಮಗೆ ಆ ಸಭೆಯ ತಾಪತ್ರಯವೇ ಬೇಡ. ನೀವು ಲೈವ್ ನೋಡದಿದ್ದರೂ ಏಜೆನ್ಸಿ ನಿಮ್ಮದೇ. ಮಾಲು ನಾನೇ ಆರಿಸಿ ಕಳಿಸುತ್ತೇನೆ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ಮುಗಿದು ಹೊರಟುಬಿಡುತ್ತಿದ್ದರು. ಕಳೆದುಹೋಗಲಿದ್ದ ಏಜೆನ್ಸಿ ಉಳಿಯಿತಲ್ಲ, ಇನ್ನೇನು ಬೇಕು? ದಾಕ್ಷಾಯಿಣಮ್ಮನವರಿಗೂ ಒಂದು ಗಳಿಗೆ ಹಾಗನ್ನಿಸಿತು. ಆಮೇಲೆ ಅಂಗೈಯಿಂದ ಆ ಬರಹವನ್ನು ಅಳಿಸಿದರು.

"ನೀವು ಆರಿಸಿ ಕಳಿಸಿದರೆ ನಾನು ಏಜೆಂಟಳಲ್ಲ, ನಿಮ್ಮ ಮನೆ ಹಂಗಿನವಳು. ನನ್ನ ಊರಿನ ಭಕ್ತರಿಗೆ ಯಾವ ಪರಿಮಳ ಇಷ್ಟ ಅಂತ ನನಗೆ ಗೊತ್ತು. ನನ್ನ ಮಾಲು ನಾನೇ ಆರಿಸಬೇಕು."

ಶೆಟ್ಟರು ಮತ್ತೆ ಬರೆದರು. "ಒಬ್ಬರಿಗಾಗಿ ಅಷ್ಟೆಲ್ಲ ಏರ್ಪಾಡು ಹೇಗಮ್ಮ?"

ದಾಕ್ಷಾಯಿಣಮ್ಮ ಎದ್ದು ಹೋಗಿ, ಕಟ್ಟಿಟ್ಟಿದ್ದ ಒಂದು ಪೊಟ್ಟಣವನ್ನು ತಂದು ಅವರ ಅಂಗೈ ಮೇಲಿಟ್ಟರು. "ಇದನ್ನು ಯಾಕೆ ಕಳಿಸ್ತೀರಿ?"

"ಮೊಬೈಲಿನಲ್ಲಿ ಪರಿಮಳ ಹೋಗದಲ್ಲ, ಅದಕ್ಕೆ" ಎಂದು ಬರೆದರು ಶೆಟ್ಟರು.

"ಅಂದರೆ ನಿಮ್ಮ ಸಭೆಯಲ್ಲಿ ಮುನ್ನೂರು ಜನಕ್ಕೂ ಮೂಗಿಲ್ಲ. ಹೌದೋ ಅಲ್ಲವೋ? ಆದರೂ ನೀವು ಅವರನ್ನು ಮೂಗಿಲ್ಲದವರು, ಪಾಪ, ಅನ್ನಲಿಲ್ಲ. ಮನೆಯಲ್ಲೇ ಇರಿ, ನಾನೇ ಮೂಸಿ ಕಳಿಸ್ತೀನಿ ಅನ್ನಲಿಲ್ಲ. ಪೊಟ್ಟಣ ಕಟ್ಟಿಸಿದಿರಿ. ಅದು ಸಭೆಯ ಕೆಲಸ ಅಂದ್ಕೊಂಡಿರಿ. ನಾನು ಕೇಳ್ತಿರೋದೂ ಅಂಥದ್ದೇ ಒಂದು ಪೊಟ್ಟಣ. ಅದರಲ್ಲಿ ಬತ್ತಿಯ ಬದಲು ಅಕ್ಷರ ಇರಬೇಕು, ಅಷ್ಟೆ."

ಪೊಟ್ಟಣ ಕಟ್ಟುತ್ತಿದ್ದ ಹೆಂಗಸರ ಕೈಗಳು ನಿಂತವು. ಶೆಟ್ಟರು ಆ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಳಪ ತೆಗೆದುಕೊಂಡು ಏನೋ ಬರೆದರು, ಅಳಿಸಿದರು. ಕೊನೆಗೆ ಒಂದೇ ಮಾತು ಬರೆದರು. "ಅಕ್ಷರ ಇರುತ್ತದೆ."

ಅವರ ಆಫೀಸಿನಲ್ಲಿ ಫಿರೋಜಾ ಎಂಬ ಹುಡುಗಿ ಪತ್ರಗಳನ್ನು ಟೈಪು ಮಾಡುತ್ತಿದ್ದಳು. ಮಾತು ಬಾಯಿಂದ ಬಿದ್ದ ಹಾಗೇ ಅವಳ ಬೆರಳಿಂದ ಕನ್ನಡ ಬೀಳುತ್ತಿತ್ತು. ಶೆಟ್ಟರ ಪಕ್ಕದಲ್ಲಿ ಒಂದು ದೊಡ್ಡ ಟಿ.ವಿ. ಇಡುವುದು, ಅವರು ಆಡಿದ್ದನ್ನೆಲ್ಲ ಫಿರೋಜಾ ಅದರ ಮೇಲೆ ಬರೆಯುವುದು, ಕ್ಯಾಮೆರಾ ಎರಡನ್ನೂ ತೋರಿಸುವುದು ಎಂದಾಯಿತು.

ಅಕ್ಷಯ ತದಿಗೆ ಬಂತು. ದಾಕ್ಷಾಯಿಣಮ್ಮ ನಂಜುಂಡನಿಗೆ ಕೈ ಮುಗಿದು, ಏಳು ಪೊಟ್ಟಣಗಳನ್ನು ಸಾಲಾಗಿ ಜೋಡಿಸಿಕೊಂಡು, ಮೊಬೈಲನ್ನು ಕುಂಕುಮದ ಡಬ್ಬಿಗೆ ಒರಗಿಸಿ ಕೂತರು. ಲೈವ್ ಶುರುವಾಯಿತು. ಟಿ.ವಿ. ಇತ್ತು. ಅಕ್ಷರವೂ ಇತ್ತು. ಆದರೆ ಪೂಜೆಗೆಂದು ತಂದ ಆಳೆತ್ತರದ ಹಿತ್ತಾಳೆ ದೀಪದ ಕಂಬ, ಮೈತುಂಬ ಸೇವಂತಿಗೆ ಹಾರ ಸುತ್ತಿಕೊಂಡು, ಟಿ.ವಿ.ಯ ಮುಂದೆಯೇ ನಿಂತುಬಿಟ್ಟಿತ್ತು. ಸಾಲಿನ ಆ ಕಡೆ ಎರಡು ಅಕ್ಷರ, ಈ ಕಡೆ ಎರಡು ಅಕ್ಷರ, ನಡುವೆ ಬರೀ ಹೂವು. ಬೇಕೆಂದು ಯಾರೂ ಮಾಡಿದ್ದಲ್ಲ. ದೀಪವನ್ನು ಚೆಂದ ಕಾಣುವ ಕಡೆ ಇಟ್ಟಿದ್ದರು, ಅಷ್ಟೆ.

ದಾಕ್ಷಾಯಿಣಮ್ಮ ಲೈವಿನ ಕೆಳಗೆ ಬರೆದು ಕಳಿಸಿದರು. "ದೀಪ ಅಡ್ಡ ಇದೆ." ಯಾರೂ ನೋಡಲಿಲ್ಲ. ಫಿರೋಜಾಳ ಕಣ್ಣು ತನ್ನ ಟೈಪಿನ ಮೇಲಿತ್ತು. ಇನ್ನೊಮ್ಮೆ ಕಳಿಸಿದರು. ಅಷ್ಟರಲ್ಲಿ ಶೆಟ್ಟರು ಬತ್ತಿಯೊಂದನ್ನು ಕೈಯಲ್ಲಿ ಹಿಡಿದಿದ್ದರು. ಯಾವುದು? ಒಂದನೆಯದೋ, ಎರಡನೆಯದೋ? ಹೋದ ವರ್ಷದ ಹಾಗೇ ಈ ವರ್ಷವೂ ಸಭೆ ಕಣ್ಣೆದುರೇ ಜಾರಿಹೋಗುತ್ತಿತ್ತು.

"ಚಿಕ್ಕತಾಯಿ, ನಿನ್ನ ಫೋನು ಕೊಡೇ."

"ಫೋನ್ ಮಾಡಿ ಏನಕ್ಕ ಮಾಡ್ತೀಯ? ನಿನಗೆ ಕೇಳಿಸಲ್ವಲ್ಲ?"

"ನನಗೆ ತಾನೆ ಕೇಳಿಸೋದಿಲ್ಲ. ಅವರಿಗೇನಾಗಿದೆ?"

ಆ ಫೋನಿನಿಂದ ಅವರು ಶೆಟ್ಟರ ನಂಬರು ಒತ್ತಿದರು. ಒತ್ತಿ, ತಮ್ಮ ಮೊಬೈಲನ್ನೇ ನೋಡುತ್ತಾ ಕೂತರು. ಶೆಟ್ಟರು ಜೇಬು ಮುಟ್ಟಿಕೊಂಡರು. ಫೋನು ತೆಗೆದರು. ಕಿವಿಗಿಟ್ಟರು. ಅಷ್ಟು ಕಂಡದ್ದೇ ತಡ, ದಾಕ್ಷಾಯಿಣಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿದರು.

"ನಾನು ನಂಜನಗೂಡಿನ ದಾಕ್ಷಾಯಿಣಮ್ಮ. ನೀವು ಹೇಳೋದು ನನಗೆ ಕೇಳಿಸೋದಿಲ್ಲ, ನಾನು ಹೇಳೋದನ್ನು ನೀವು ಕೇಳಿಸ್ಕೊಳ್ಳಿ. ನಿಮ್ಮ ದೀಪ ನನ್ನ ಅಕ್ಷರದ ಮುಂದೆ ನಿಂತಿದೆ."

ತೆರೆಯ ಮೇಲೆ ಶೆಟ್ಟರು ಹಿಂದಕ್ಕೆ ತಿರುಗಿದರು. ದೀಪದ ಕಡೆ ನಡೆದರು. ಪೂಜೆಗೆ ಬಂದಿದ್ದ ಪುರೋಹಿತರು ಎರಡೂ ಕೈ ಅಡ್ಡ ಮಾಡಿ ಏನೋ ಹೇಳಿದರು. ಶೆಟ್ಟರು ನಿಂತರು. ಆಮೇಲೆ ಪುರೋಹಿತರಿಗೆ ಕೈ ಮುಗಿದು ಏನೋ ಹೇಳಿ, ಬಗ್ಗಿ, ಉರಿಯುತ್ತಿದ್ದ ಆ ದೀಪದ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿದರು. ಪುಟ್ಟ ಪುಟ್ಟ ಹೆಜ್ಜೆ. ಜ್ವಾಲೆ ಒಂದು ಕಡೆ ವಾಲಿತು. ದೀಪ ಪಕ್ಕಕ್ಕೆ ಬಂದು ಕೂತಿತು. ಜ್ವಾಲೆ ಮತ್ತೆ ನೆಟ್ಟಗಾಯಿತು.

ಈಗ ಟಿ.ವಿ. ಪೂರ್ತಿ ಕಂಡಿತು. ಫಿರೋಜಾ ಒಂದು ಮಾತನ್ನೂ ಬಿಟ್ಟಿರಲಿಲ್ಲ.

"ಪುರೋಹಿತರು: ಹಚ್ಚಿದ ದೀಪವನ್ನು ಕದಲಿಸಬಾರದು, ಶೆಟ್ಟರೆ. ಶೆಟ್ಟರು: ಕಾಣಲಿ ಅಂತಲ್ಲವೆ ಸ್ವಾಮಿ, ದೀಪ ಹಚ್ಚೋದು? ನನ್ನ ಸಭೆಗೆ ಬಂದ ಒಬ್ಬ ತಾಯಿಗೆ ಇದು ಅಕ್ಷರ ಕಾಣದಂತೆ ಮಾಡುತ್ತಿದೆ. ಆ ದೋಷ ದೊಡ್ಡದು. ದೀಪ ಸರಿಸಿದ ದೋಷ ಇದ್ದರೆ ನನಗಿರಲಿ."

ಅದರ ಕೆಳಗೆ ಇನ್ನೊಂದು ಸಾಲು ಮೂಡಿತು. "ತಡವಾಯಿತು, ಕ್ಷಮಿಸಿ. ಮೊದಲಿಂದ ಶುರುಮಾಡೋಣ. ಎಲ್ಲರೂ ಒಂದನೆಯದು ಹಚ್ಚಿ."

ದಾಕ್ಷಾಯಿಣಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಕಡ್ಡಿ ಗೀರಿದರು. ಒಂದನೆಯದನ್ನು ಹಚ್ಚಿದರು. ಮುನ್ನೂರು ಅಂಗಡಿಗಳ ಜೊತೆ ಅವರ ಅಂಗಡಿಯಲ್ಲೂ ಅದೇ ಗಳಿಗೆಯಲ್ಲಿ ಅದೇ ಪರಿಮಳ ಎದ್ದಿತು.

ಅಷ್ಟರಲ್ಲಿ ಶೆಟ್ಟರಿಗೆ ಮತ್ತೊಂದು ಫೋನು ಬಂತು. ಕೊಳ್ಳೇಗಾಲದ ರಜಾಕ್ ಸಾಬರು. ಅವರು ಹುಟ್ಟಿನಿಂದಲೇ ಕಣ್ಣು ಕಾಣದವರು, ಹನ್ನೆರಡು ವರ್ಷದ ಏಜೆಂಟರು. ಶೆಟ್ಟರು ಫೋನನ್ನು ಮೈಕಿಗೆ ಹಿಡಿದರು. ಸಾಬರ ಮಾತೂ ಟಿ.ವಿ. ಮೇಲೆ ಬಂತು.

"ಶೆಟ್ಟರೆ, ನಿಮ್ಮ ದೀಪ ಅಲ್ಲಿದ್ದರೂ ನನಗೊಂದೇ, ಇಲ್ಲಿದ್ದರೂ ಒಂದೇ. ನನ್ನದು ಬೇರೆ ಅಹವಾಲು. ಹೊಸ ಡಬ್ಬಿ ಕೈಯಲ್ಲಿ ಹಿಡಿದು 'ಹೀಗಿದೆ ನೋಡಿ' ಅಂತೀರಲ್ಲ, ಹೇಗಿದೆ ಅಂತ ಸ್ವಲ್ಪ ಬಾಯಿಬಿಟ್ಟು ಹೇಳಿ. ಪೊಟ್ಟಣದ ಅಂಕಿ ಓದೋಕೂ ನಾನು ಯಾರನ್ನೋ ಕರೀಬೇಕು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಸಾಬರೆ?"

"ನೀವು ಕೇಳಲಿಲ್ಲ. ನನಗೂ ಸಂಕೋಚ. ಇವತ್ತು ಆ ತಾಯಿ ಬಾಯಿ ತೆಗೆದರು, ನನಗೂ ಧೈರ್ಯ ಬಂತು."

ಶೆಟ್ಟರು ಡಬ್ಬಿಯನ್ನು ಎತ್ತಿ ಹಿಡಿದು ಹೇಳಿದರು. "ಗೇಣುದ್ದದ ಡಬ್ಬಿ. ಹಸಿರು ಬಣ್ಣ. ಮೇಲೆ ಬಿಳಿಯ ಮಲ್ಲಿಗೆ ಬಳ್ಳಿ. ಎಡಗಡೆ ಮುಚ್ಚಳ." ಹಾಗೆ ಹೇಳುವಾಗ ಅವರಿಗೇ ನಗು ಬಂತು. ತಮ್ಮದೇ ಡಬ್ಬಿಯನ್ನು ಅವರು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ಮುಂದಿನ ವರ್ಷದಿಂದ ಒಂದನೆಯ ಪೊಟ್ಟಣದ ದಾರಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು ಗಂಟು, ಏಳಕ್ಕೆ ಏಳು ಎಂದು ಅಲ್ಲೇ, ಎಲ್ಲರ ಮುಂದೆ ಮಾತು ಕೊಟ್ಟರು. ಹಾಸನದ ಬಸ್ ನಿಲ್ದಾಣದ ಏಜೆಂಟರೊಬ್ಬರು ಬರೆದು ಕಳಿಸಿದರು: "ಈ ಹಾರ್ನ್ ಸದ್ದಿನಲ್ಲಿ ನನಗೂ ಏನೂ ಕೇಳಿಸುತ್ತಿರಲಿಲ್ಲ. ಅಕ್ಷರ ಬಂದಿದ್ದು ಒಳ್ಳೆಯದಾಯಿತು."

ಸಭೆ ಮುಗಿಯುವುದರೊಳಗೆ ದಾಕ್ಷಾಯಿಣಮ್ಮ ಏಳರಲ್ಲಿ ನಾಲ್ಕು ಬತ್ತಿಗಳನ್ನು ಆರಿಸಿ, ಒಂದೊಂದರ ಹೆಸರೂ ಬರೆದು ಕಳಿಸಿದರು. ಮೂರನ್ನು ಬೇಡವೆಂದರು. ಬೇಡ ಎನ್ನುವುದೂ ಈ ಸಲ ಅವರ ಕೈಯಲ್ಲಿತ್ತು.

ಮದುವೆಮನೆಯ ಹಾರವನ್ನು ಮಡಿಲಲ್ಲಿಟ್ಟುಕೊಂಡೇ ಚಿಕ್ಕತಾಯಮ್ಮ ಗಾಳಿಯನ್ನು ಮೂಸಿದಳು. "ಹೋದ ವರ್ಷದ್ದಕ್ಕಿಂತ ಇದೇ ಚೆನ್ನಾಗಿದೆ ಕಣಕ್ಕ."

"ಹೋದ ವರ್ಷದ್ದು ಯಾವುದು ಅಂತ ನನಗೇ ಗೊತ್ತಿಲ್ಲವಲ್ಲೇ" ಅಂದರು ದಾಕ್ಷಾಯಿಣಮ್ಮ. ಆಮೇಲೆ ಉರಿಯುತ್ತಿದ್ದ ಬತ್ತಿಯನ್ನು ಬಾಗಿಲಾಚೆ, ಗೋಪುರ ಕಾಣುವ ಕಡೆ ಸಿಕ್ಕಿಸಿ ಕೈ ಮುಗಿದರು.

ನೀತಿ: ಹತ್ತು ಜನರನ್ನು ಸಭೆಗೆ ಕರೆದ ಮೇಲೆ ಹತ್ತು ಜನಕ್ಕೂ ಅದು ತಲುಪುವಂತೆ ಮಾಡುವುದು ಕರೆದವರ ಕರ್ತವ್ಯ. ಕೇಳಿಸದವರಿಗೆ ಅಕ್ಷರ, ಕಾಣದವರಿಗೆ ಮಾತು ಕೊಡುವುದು ದಾನವಲ್ಲ, ಅದು ಸಭೆಯದೇ ಒಂದು ಕೆಲಸ. ದಾರಿಗೆ ಅಡ್ಡ ನಿಂತದ್ದು ದೇವರ ದೀಪವೇ ಆಗಿದ್ದರೂ ಭಕ್ತಿಯಿಂದ ಎತ್ತಿ ಪಕ್ಕಕ್ಕಿಡಿ. ದೇವರು ಮುನಿಯುವುದಿಲ್ಲ, ದೀಪವೂ ಆರುವುದಿಲ್ಲ.