ಡಿಕ್ಕಿಯಲ್ಲಿ ಉಳಿದ ಪುಲ್ಲಿ

ಶಿಷ್ಯ ಕೇಳಿದ: "ಗುರುಗಳೇ, ಪ್ರೀತಿಯಿಂದ ಮಾಡಿದ್ದೂ ತಪ್ಪಾಗುವುದುಂಟೇ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಾಲಕನಿದ್ದ. ಅವನಲ್ಲಿ ಒಂದು ಹಳೆಯ ಕಾರಿತ್ತು. ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಸಾವಕಾಶದ ಮನುಷ್ಯ. ಹಾರನ್ ಒತ್ತುವುದು ಅವನಿಗೆ ಸೇರುತ್ತಿರಲಿಲ್ಲ. ಎದುರಿನವರು ಸರಿಯುವವರೆಗೆ ಕಾಯುತ್ತಿದ್ದ. ಮನೆಯಲ್ಲಿ ಅವನು ಮತ್ತು ಅವನ ಹೆಂಡತಿ, ಇಬ್ಬರೇ. ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಎರಡು ಕಣ್ಣುಗಳೂ ಹೋಗಿದ್ದವು.

ಒಮ್ಮೆ ಕಾರಿನ ಮುಂಭಾಗದಿಂದ ಕಿರ್ ಎಂಬ ಸದ್ದು ಬರತೊಡಗಿತು. ಎಂಜಿನ್ ಓಡುವಷ್ಟು ಹೊತ್ತೂ ಅದು ಬರುತ್ತಿತ್ತು. ಚಾಲಕ ಮೆಕ್ಯಾನಿಕ್ ಬಳಿಗೆ ಹೋದ.

ಮೆಕ್ಯಾನಿಕ್ ಬಾನೆಟ್ ಎತ್ತಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಒಂದೊಂದು ಭಾಗಕ್ಕೂ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳಿದ. ನಾಲ್ಕನೆಯ ಜಾಗದಲ್ಲಿ ನಿಂತ.

"ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪುಲ್ಲಿ ಇದು. ಬೇರಿಂಗ್ ಸವೆದಿದೆ. ನಿಮ್ಮ ಕಾರು ಹೊರಟರೆ ಆಚೆ ಊರಿಗೂ ಗೊತ್ತಾಗುತ್ತದಲ್ಲ ಅಣ್ಣಾ. ಹೊಸದು ತಂದುಕೊಡಿ. ಅರ್ಧ ಗಂಟೆಯ ಕೆಲಸ."

"ಹಾಗೇ ಬಿಟ್ಟರೆ?"

"ಇದು ತಾನಾಗಿ ಏನನ್ನೂ ಓಡಿಸುವುದಿಲ್ಲ. ಬೆಲ್ಟು ಸಡಿಲವಾಗದಂತೆ ಒತ್ತಿಕೊಂಡು ನಿಂತಿರುತ್ತದೆ, ಅಷ್ಟೇ. ಆದರೆ ಇದು ತಿರುಗದೆ ಕಚ್ಚಿಕೊಂಡರೆ ಬೆಲ್ಟು ಹೋಯಿತು. ಬೆಲ್ಟು ಹೋದರೆ ಎಂಜಿನ್ನಿಗೆ ನೀರು ಹರಿಯುವುದಿಲ್ಲ, ಸ್ಟೀರಿಂಗ್ ಬಿಗಿಯಾಗುತ್ತದೆ. ಇವತ್ತೇ ಆಗಬಹುದು. ಆರು ತಿಂಗಳು ಬಿಟ್ಟೂ ಆಗಬಹುದು."

ಚಾಲಕ ಅಂದೇ ಹೊಸ ಪುಲ್ಲಿ ಕೊಂಡು ತಂದ. ನಾಳೆ ಬೆಳಿಗ್ಗೆ ಹಾಕಿಸುತ್ತೇನೆ, ಸದ್ದು ಹೋಗುತ್ತದೆ ಎಂದು ಹೆಂಡತಿಗೆ ಹೇಳಿದ.

ಹೆಂಡತಿ ಹೇಳಿದಳು: "ಬೀದಿಯಲ್ಲಿ ದಿನವಿಡೀ ಗಾಡಿಗಳು ಓಡಾಡುತ್ತವೆ. ನನಗೆ ಎಲ್ಲವೂ ಒಂದೇ. ಈ ಸದ್ದು ತಿರುವಿಗೆ ಬಂದರೆ ಮಾತ್ರ ನೀವೇ ಎಂದು ಗೊತ್ತಾಗುತ್ತದೆ. ಎದ್ದು ಕಾಫಿಗೆ ಇಡುತ್ತೇನೆ. ಸದ್ದು ನಿಂತಿತೆಂದರೆ ಮನೆ ಮುಂದೆ ಬಂದಿರೆಂದು ಲೆಕ್ಕ. ಸ್ವಲ್ಪ ದಿನ ಇರಲಿ ಬಿಡಿ."

"ಕಾರು ಕೆಟ್ಟು ನಿಂತರೆ ಮನೆಯಲ್ಲೇ ಕೂತು ದಿನವಿಡೀ ಕಾಫಿ ಕುಡಿಯಬೇಕಾಗುತ್ತದೆ."

"ಕುಡಿಯಿರಿ," ಎಂದಳು ಅವಳು.

ಕಣ್ಣು ಹೋದ ಮೇಲೆ ಅವಳು ಅವನಲ್ಲಿ ಏನನ್ನೂ ಬೇಡಿರಲಿಲ್ಲ. ಇದೊಂದನ್ನು ಬೇಡಿದ್ದಳು. ಅವನು ಪುಲ್ಲಿಯನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆಯದೆ ಕಾರಿನ ಡಿಕ್ಕಿಯಲ್ಲಿ ಇಟ್ಟ.

ದಾರಿಯಲ್ಲಿ ಸಿಕ್ಕಾಗ ಮೆಕ್ಯಾನಿಕ್ ಕೇಳಿದ: "ಪುಲ್ಲಿ ತಂದಿರೋ, ತಂದು ಪೂಜೆಗೆ ಇಟ್ಟಿರೋ?" ಮುಂದಿನ ವಾರ ಬರುತ್ತೇನೆ ಎಂದ ಚಾಲಕ. ಇನ್ನೊಮ್ಮೆ ಸಿಕ್ಕಾಗಲೂ ಅದನ್ನೇ ಹೇಳಿದ.

ದಿನವೂ ಸಂಜೆ ಆ ಸದ್ದು ತಿರುವಿಗೆ ಬರುತ್ತಿತ್ತು. ಅವನು ಬಾಗಿಲು ಮುಟ್ಟುವಾಗ ಕಾಫಿ ಸಿದ್ಧವಾಗಿರುತ್ತಿತ್ತು. ನಾಲ್ಕನೆಯ ತಿಂಗಳಲ್ಲಿ ಸದ್ದು ಒರಟಾಯಿತು. ಅದನ್ನು ಮೊದಲು ಗುರುತಿಸಿದವಳು ಹೆಂಡತಿಯೇ. "ನಿಮ್ಮ ಕಾರಿಗೆ ಗಂಟಲು ಕಟ್ಟಿದೆ," ಎಂದು ನಕ್ಕಳು. ಅವನೂ ನಕ್ಕ.

ಐದನೆಯ ತಿಂಗಳ ಒಂದು ಮಧ್ಯಾಹ್ನ ಹೆಂಡತಿಗೆ ಎದೆನೋವು ಬಂತು. ಆಸ್ಪತ್ರೆ ಮೂವತ್ತು ಕಿಲೋಮೀಟರ್ ದೂರ. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ. ಅರ್ಧ ದಾರಿಯಲ್ಲಿ ಪುಲ್ಲಿ ತಿರುಗದೆ ಕಚ್ಚಿಕೊಂಡಿತು. ಬೆಲ್ಟು ಹರಿದು ಬಿತ್ತು. ಸದ್ದು ನಿಂತಿತು. ಸ್ಟೀರಿಂಗ್ ಬಿಗಿಯಾಯಿತು, ಬಾನೆಟ್ಟಿನ ಸಂದಿಯಿಂದ ಆವಿ ಏಳತೊಡಗಿತು. ಅವನು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ.

ಹೆಂಡತಿ ಕೇಳಿದಳು: "ಸದ್ದು ನಿಂತಿತು. ಮನೆ ಬಂತೇ?"

"ಬಂತು," ಎಂದ.

ಆಂಬುಲೆನ್ಸಿಗೆ ಫೋನು ಮಾಡಿದ. ಮುಕ್ಕಾಲು ಗಂಟೆಯಾಗುತ್ತದೆ ಎಂದರು. ಡಿಕ್ಕಿ ತೆರೆದ. ಪುಲ್ಲಿ ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಅದಕ್ಕೂ ಅವಳಿಗೂ ನಡುವೆ ಸೀಟಿನ ಬೆನ್ನು ಮಾತ್ರ. ಈಗ ಬೆಲ್ಟಿರಲಿಲ್ಲ, ಬಿಚ್ಚುವ ಸಾಮಾನಿರಲಿಲ್ಲ. ಡಿಕ್ಕಿ ಮುಚ್ಚಿದ. ಹೊಲಗಳಾಚೆ ಯಾರಿಗಾದರೂ ಕೇಳಿಸೀತೆಂದು ಹಾರನ್ ಒತ್ತಿ ಹಿಡಿದ. ಬಿಟ್ಟು ಮತ್ತೆ ಒತ್ತಿದ. ಯಾರೂ ಬರಲಿಲ್ಲ.

ಹಿಂದಿನ ಸೀಟಿನಿಂದ ಹೆಂಡತಿ ಹೇಳಿದಳು: "ಬಾಗಿಲಿಗೆ ಯಾರದೋ ಗಾಡಿ ಬಂದಿದೆ, ನೋಡಿ. ನಮ್ಮದಲ್ಲ."

ಆಮೇಲೆ ಅವಳು ಮಾತಾಡಲಿಲ್ಲ. ಆಂಬುಲೆನ್ಸ್ ಬರುವ ಹೊತ್ತಿಗೆ ಅವಳ ಜೀವ ಹೋಗಿತ್ತು.

ಹದಿಮೂರು ದಿನ ಕಳೆದ ಮೇಲೆ ಚಾಲಕ ಆ ಪೆಟ್ಟಿಗೆಯನ್ನು ಮೆಕ್ಯಾನಿಕ್ ಕೈಗೆ ಕೊಟ್ಟ. ಮೆಕ್ಯಾನಿಕ್ ಬೋಲ್ಟು ಬಿಚ್ಚಿ ಹಳೆಯ ಪುಲ್ಲಿ ತೆಗೆದ. ಹೊಸದನ್ನು ಕೂರಿಸಿ ಹೊಸ ಬೆಲ್ಟು ಏರಿಸಿದ. ಎಂಜಿನ್ ಚಾಲೂ ಮಾಡಿಸಿ ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿಕೊಂಡ. ಕಿರುಗುಟ್ಟುವಿಕೆ ಇರಲಿಲ್ಲ. ಅವನು ಹೇಳಿದ್ದಂತೆ ಅರ್ಧ ಗಂಟೆ ಹಿಡಿಯಿತು.

ಆ ಸಂಜೆ ಕಾರು ಬೇರೆಲ್ಲ ಗಾಡಿಗಳ ಹಾಗೆ ತಿರುವು ದಾಟಿತು. ಚಾಲಕ ಮನೆಯ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದ. ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡೇ ಕುಳಿತ. ಈಗಲೂ ದಿನವೂ ಬಂದು ಹಾಗೆಯೇ ಕುಳಿತಿರುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಅವನು ಬಂದನೆಂದು ಅವಳಿಗೆ ತಿಳಿಯಬೇಕಿತ್ತು. ಅವಳು ಬೇಡಿದ್ದು ಅದೊಂದೇ. ಅದಕ್ಕಾಗಿ ಆ ಸದ್ದನ್ನು ಉಳಿಸಿಕೊಂಡ. ಅದು ಬಿಟ್ಟರೆ ಅವನ ಬಳಿ ಬೇರೆ ಏನಿತ್ತು?" ಎಂದು ಕೇಳಿದ.

ಗುರುಗಳು ಹೇಳಿದರು: "ಹಾರನ್ ಇತ್ತು."